ಕ್ಲಾಸಿಗೆ ರೋಹಿಂಗ್ಯಾ ಮಗು ಬಂದ್ರೆ ಟೀಚರ್ ಏನ್ ಮಾಡ್ಬೇಕು

ಬೆಂಗಳೂರಿನ ಹೊರವಲಯದ ಚಿಂದಿ ಆಯೋರ ಶೆಡ್‌ಗಳಲ್ಲಿ ರೋಹಿಂಗ್ಯಾ ಕುಟುಂಬಗಳೂ ಇದಾವೆ. 2017ರ ಆಗಸ್ಟ್‌ನಿಂದ ಸೇನೆಯ ದಾಳಿಗೆ ಹೆದರಿ ಮ್ಯಾನ್ಮಾರ್‌ನ ರಖೈನ್ ರಾಜ್ಯ ಬಿಟ್ಟು ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದ್ರಲ್ಲ, ಅದೇ ಸಮುದಾಯ. ಕೆಲವ್ರು ಅದಕ್ಕೂ ಮುಂಚೇನೆ ಇಂಡಿಯಾಗೆ ಬಂದಿದ್ರು. ಎಷ್ಟೋ ಮಕ್ಕಳು ಇಲ್ಲೇ ಹುಟ್ಟಿದ್ದು, ಅಪ್ಪ ಅಮ್ಮನ ಊರನ್ನ ಕಂಡೇ ಇಲ್ಲ, ಆದ್ರೂ ಮನೇಲಿರೋ ಭಯ ಅವ್ರಿಗೂ ಅಂಟಿರತ್ತೆ.

ಅಡ್ಮಿಷನ್‌ನಿಂದ್ಲೇ ಶುರು ಮಾಡಿ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009ರ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗೂನ ವಾಪಸ್ ಕಳಿಸೋ ಹಾಗಿಲ್ಲ, 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು. ರೋಹಿಂಗ್ಯಾ ಮಕ್ಕಳು ಅಡ್ಮಿಷನ್‌ಗೆ ಸರ್ಕಾರಿ ಶಾಲೆಗೇ ಹೋಗಿ ಕೇಳ್ಬಹುದು ಅಂತ ಸುಪ್ರೀಂ ಕೋರ್ಟೂ 2025ರ ಫೆಬ್ರವರಿಯಲ್ಲಿ ಹೇಳಿದೆ. ಆಫೀಸ್ ರೂಮಲ್ಲಿ ನಾಲ್ಕು ಜನರ ಮುಂದೆ "ಯಾವ ದೇಶದವ್ರು ನೀವು" ಅಂತ ಜೋರಾಗಿ ಕೇಳೋದು ಬೇಡ, ಅಪ್ಪನ ಮುಖ ಬಾಡೋದನ್ನ ಮಗು ನೋಡ್ತಾ ನಿಂತಿರತ್ತೆ.

ಮಗು ಸೇರಿದ್ಮೇಲೆ ನಮ್ಗೆಲ್ಲ ಬರೋ ಮೊದಲ ಆಸೆ, ಪಾಪ ಏನಾಯ್ತು ಅಂತ ಕೇಳೋದು. ಕೇಳ್ಬೇಡಿ. ತಾನಾಗೇ ಹೇಳಿದ್ರೆ ಕೂತು ಕೇಳಿಸ್ಕೊಳ್ಳಿ, ಅಷ್ಟೇ. ಮಗೂಗೆ ನಿಜವಾಗ್ಲೂ ಬೇಕಾಗಿರೋದು ಇವತ್ತು ಮುಂದೇನಾಗತ್ತೆ ಅನ್ನೋದು ಗೊತ್ತಿರೋದು, ಹಾಗಾಗಿ ದಿನಾ ಅದೇ ಜಾಗ, ಅದೇ ಜೊತೆಗಾರ ಇರ್ಲಿ; ಪ್ರಾರ್ಥನೆ, ಪಾಠ, ಬಿಸಿಯೂಟ, ಆಟ ಎಲ್ಲ ಚಿತ್ರ ಬರೆದು ಗೋಡೆಗೆ ಅಂಟಿಸಿ. ಶಾಲೆಗೆ ಪೊಲೀಸ್‌ನವ್ರು ಬರೋದಿದ್ರೆ, ಇಂಜೆಕ್ಷನ್ ಇದ್ರೆ ಹಿಂದಿನ ದಿನಾನೇ ಹೇಳ್ಬಿಡಿ. ಪಟಾಕಿ, ಜೆಸಿಬಿ ಸದ್ದಿಗೆ ಬೆಚ್ಚಿ ಬಿದ್ರೆ ನಗೋರನ್ನ ತಡೀರಿ, ಮಗು ಪಕ್ಕ ಹೋಗಿ ನಿಂತ್ಕೊಂಡು ಅದೇನು ಸದ್ದು ಅಂತ ಮೆತ್ತಗೆ ಹೇಳಿ.

ಅವ್ರ ಮನೆ ಮಾತು ಬಾಂಗ್ಲಾದೇಶದ ಚಿತ್ತಗಾಂಗ್ ಕಡೆ ಮಾತಿಗೆ ಹತ್ರ. ಸ್ವಲ್ಪ ಹಿಂದಿ ಉರ್ದು ಬಂದ್ರೆ ನಮ್ಮ ಪುಣ್ಯ. ಕನ್ನಡದಲ್ಲಿ ಮೊದ್ಲು ಕಲಿಸ್ಬೇಕಾಗಿರೋದು ಅಆಇಈ ಅಲ್ಲ; "ನೀರು ಬೇಕು", "ಹೊಟ್ಟೆ ನೋಯ್ತಿದೆ", "ಟಾಯ್ಲೆಟ್‌ಗೆ ಹೋಗ್ಲಾ", "ಭಯ ಆಗ್ತಿದೆ". ಬಿಸಿಯೂಟದ ಮೊಟ್ಟೆ ತಿನ್ನದೆ ತಮ್ಮನಿಗೆ ಅಂತ ಬ್ಯಾಗಿಗೆ ಹಾಕ್ಕೊಂಡ್ರೆ ಎಲ್ರೆದುರು ಗದರೋದು ಬೇಡ. "ನನ್ನ ಊರು" ಪ್ರಬಂಧ, ವಂಶವೃಕ್ಷ ಕೊಡೋವಾಗ "ನನ್ನ ಗೆಳೆಯ" ಅನ್ನೋ ಚಾಯ್ಸೂ ಇರ್ಲಿ. ಬೇರೆ ಮಕ್ಕಳು "ಏ ಬಾಂಗ್ಲಾ" ಅಂತ ಕರೆದ್ರೆ ಅವತ್ತೇ ನಿಲ್ಲಿಸಿ, ನಾಳೆ ನೋಡೋಣ ಅಂದ್ರೆ ಅದೇ ಹೆಸ್ರು ಕಾಯಂ ಆಗೋಗತ್ತೆ (ಸ್ಟಾಫ್ ರೂಮಲ್ಲೂ ಹಾಗೇ ಕರೆಯೋರು ಇದಾರೆ, ಅವ್ರಿಗೂ ಹೇಳಿ).

ವಾರಗಟ್ಲೆ ಮಾತೇ ಆಡದೆ ಇದ್ರೆ, ದಿನಾ ಹೊಟ್ಟೆ ನೋವು ಅಂದ್ರೆ, ಕ್ಲಾಸಲ್ಲಿ ನಿದ್ದೆ ಹೋಗ್ತಿದ್ರೆ, ತನಗೇ ಹೊಡ್ಕೊಳ್ತಿದ್ರೆ ನೀವೇ ಡಾಕ್ಟರ್ ಆಗೋಕೆ ಹೋಗ್ಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ಬೆಂಗಳೂರಲ್ಲಿದ್ರೆ ನಿಮ್ಹಾನ್ಸ್ ಆಸ್ಪತ್ರೇನೂ ಇದೆ.

ಇನ್ನು ಫೋಟೋ. ಮಗು ಮುಖ, ಹೆಸ್ರು, ಶೆಡ್ ಇರೋ ಜಾಗ ಯಾವ ವಾಟ್ಸಾಪ್ ಗ್ರೂಪಿಗೂ ಹೋಗ್ಬಾರ್ದು, ಒಳ್ಳೇ ಉದ್ದೇಶಕ್ಕೇ ಆದ್ರೂ. ಶೆಡ್ ಎತ್ತಿಸಿದ್ರೆ ಮನೆಯವ್ರು ರಾತ್ರೋರಾತ್ರಿ ಜಾಗ ಖಾಲಿ ಮಾಡ್ಬೇಕಾಗತ್ತೆ, ಅದಕ್ಕೇ ಮಗು ಎಷ್ಟು ಕಲ್ತಿದೆ ಅಂತ ಒಂದು ಹಾಳೇಲಿ ಬರೆದು ಸೀಲ್ ಹಾಕಿ ಮುಂಚೇನೆ ಅಮ್ಮನ ಕೈಗೆ ಕೊಟ್ಟಿರಿ, ಮುಂದಿನ ಶಾಲೇಲಿ ಮತ್ತೆ ಒಂದನೇ ಕ್ಲಾಸಿಗೆ ಕೂರ್ಸಲ್ಲ.