ಕೈಮರದ ಏರು, ಅರ್ಧ ಲೀಟರ್ ನೀರು

ಚಿಕ್ಕಮಗಳೂರಿನಲ್ಲಿ ಓಡುವವರಿಗೆ ನೀರು ಜೊತೆಗೆ ಒಯ್ಯುವ ಯೋಚನೆ ತಡವಾಗಿಯೇ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದರೆ ಹೊರಗೆ ಮಂಜು, ಚಳಿ. ಒಂದು ಗಂಟೆ ಓಡಿ ಬಂದರೂ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಐದು, ಹತ್ತು ಕಿಲೋಮೀಟರ್ ಓಡುತ್ತಿದ್ದಷ್ಟು ದಿನ ನಾನು ಬರಿಗೈಯಲ್ಲೇ ಹೋಗುತ್ತಿದ್ದೆ. ಹಾಫ್ ಮ್ಯಾರಥಾನ್ ಅಂದರೆ 21.1 ಕಿಲೋಮೀಟರ್. ಅದಕ್ಕೆ ತಯಾರಿ ಶುರು ಮಾಡಿದ ಮೇಲೆ ಭಾನುವಾರದ ಓಟ ಎರಡು ಗಂಟೆ ಮುಟ್ಟಿತು.

ಕೈಮರ ದಾಟಿದರೆ ರಸ್ತೆ ಮುಳ್ಳಯ್ಯನಗಿರಿ ಕಡೆಗೆ ಏರುತ್ತಲೇ ಹೋಗುತ್ತದೆ. ಮೊದಲು ಕಾಫಿ ತೋಟ, ಮರದ ನೆರಳು. ಮೇಲೆ ಹೋದಂತೆ ಬರೀ ಹುಲ್ಲುಗುಡ್ಡ, ನೆರಳೇ ಇಲ್ಲ. ಏಪ್ರಿಲ್‌ನ ಒಂದು ಭಾನುವಾರ ಇಳಿದು ಬರುವಾಗ ತಲೆ ಸುತ್ತಿ ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟೆ. ತೋಟದ ಕೆಲಸಕ್ಕೆ ಹೊರಟಿದ್ದ ಒಬ್ಬ ಅಕ್ಕ ತಮ್ಮ ಬಾಟಲಿ ನನ್ನ ಕೈಗೆ ಕೊಟ್ಟು, ನಾನು ಎದ್ದು ನಿಲ್ಲುವವರೆಗೂ ಪಕ್ಕದಲ್ಲೇ ನಿಂತಿದ್ದರು. ಅವತ್ತೇ ನೀರಿನ ಬೆಲ್ಟ್, ಅಂದರೆ ಬಾಟಲಿ ಸಿಕ್ಕಿಸಿಕೊಂಡು ಸೊಂಟಕ್ಕೆ ಕಟ್ಟಿ ಓಡುವ ಪಟ್ಟಿ, ತಗೊಳ್ಳಬೇಕು ಅಂತ ತೀರ್ಮಾನ ಮಾಡಿದೆ.

ಮೊದಲನೇ ಬೆಲ್ಟನ್ನು ಫೋಟೋ ನೋಡಿ ತರಿಸಿಕೊಂಡೆ. ಬೆನ್ನ ಹಿಂದೆ 600 ಎಂಎಲ್‌ನ ಒಂದೇ ದೊಡ್ಡ ಬಾಟಲಿ, ಮುಂದೆ ವೆಲ್ಕ್ರೋ ಪಟ್ಟಿ. ಮನೆಯೊಳಗೆ ಕಟ್ಟಿ ನೋಡಿದಾಗ ಚೆನ್ನಾಗೇ ಕೂತಿತ್ತು. ಓಡಲು ಶುರು ಮಾಡಿದ ಮೇಲೆ ಗೊತ್ತಾಯಿತು. ನಾನು ನಿಮಿಷಕ್ಕೆ ಸುಮಾರು 165 ಹೆಜ್ಜೆ ಹಾಕುತ್ತೇನೆ. ಅಂದರೆ ಗಂಟೆಗೆ ಹತ್ತಿರ ಹತ್ತಿರ ಹತ್ತು ಸಾವಿರ ಸಲ ಆ ಬಾಟಲಿ ನನ್ನ ನಡುವಿಗೆ ಗುದ್ದುತ್ತದೆ. ಅರ್ಧ ಕುಡಿದ ಮೇಲಂತೂ ಒಳಗಿನ ನೀರು ಕುಲುಕಾಡಿ ಇನ್ನೂ ಜಾಸ್ತಿ ಎಳೆದಾಡುತ್ತಿತ್ತು. ಕುಣಿಯಬಾರದು ಅಂತ ಬಿಗಿ ಮಾಡಿದರೆ ಉಸಿರಾಟಕ್ಕೆ ತೊಂದರೆ. ಮನೆಗೆ ಬಂದು ಸ್ನಾನಕ್ಕೆ ನಿಂತಾಗ ನಡುವಿನ ಚರ್ಮ ಸುಲಿದಿದ್ದು ಗೊತ್ತಾಯಿತು. ಉರಿ ತಡೆಯಲಾಗಲಿಲ್ಲ. ಮೂರನೇ ವಾರಕ್ಕೆ ಆ ಬೆಲ್ಟನ್ನು ಕಪಾಟಿಗೆ ಹಾಕಿದೆ.

ಆಮೇಲೆ ಯೋಚಿಸಿದೆ. ನನಗೆ ಎಷ್ಟು ನೀರು ಬೇಕು ಅನ್ನುವುದೇ ಗೊತ್ತಿಲ್ಲದೆ ಬೆಲ್ಟ್ ಆರಿಸಲು ಹೊರಟಿದ್ದೆ. ಹಾಗಾಗಿ ಮೊದಲು ಅಳೆಯೋಣ ಅಂತ ಕೂತೆ. ಇದಕ್ಕೆ ಮನೆಯ ತೂಕದ ಯಂತ್ರ ಸಾಕು. ಓಟಕ್ಕೆ ಮುಂಚೆ ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಬೇಕು. ಒಂದು ಗಂಟೆ ಓಡಿ ಬಂದು, ಬೆವರಿನ ಬಟ್ಟೆ ತೆಗೆದು, ಮೈ ಒರೆಸಿಕೊಂಡು ಮತ್ತೆ ನೋಡಬೇಕು. ಒಂದು ಕೆಜಿ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ. ನಡುವೆ ಕುಡಿದ ನೀರನ್ನೂ ಅದಕ್ಕೆ ಸೇರಿಸಬೇಕು. ಜನವರಿಯಲ್ಲಿ ನನಗೆ ಗಂಟೆಗೆ ಬರೀ 400 ಎಂಎಲ್ ಬಂತು. ಏಪ್ರಿಲ್‌ನಲ್ಲಿ ಎಂಟು ಗಂಟೆಯ ಬಿಸಿಲಲ್ಲಿ 58.2 ಇದ್ದದ್ದು 57.6 ಆಗಿತ್ತು, 200 ಎಂಎಲ್ ಕುಡಿದಿದ್ದೆ. ಅಲ್ಲಿಗೆ 800 ಎಂಎಲ್. ಅದೇ ಊರು, ಅದೇ ರಸ್ತೆ, ಎರಡರಷ್ಟು ಬೆವರು!

ಹೋದ ಬೆವರನ್ನೆಲ್ಲ ಓಡುವಾಗಲೇ ತುಂಬಿಕೊಳ್ಳಬೇಕಾಗಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು ಅನ್ನುವುದು ಕ್ರೀಡಾ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ನನಗೆ ಅದು ಸುಮಾರು 1.1 ಕೆಜಿ. ಬೇಸಿಗೆಯ ಎರಡು ಗಂಟೆಯಲ್ಲಿ 1.6 ಲೀಟರ್ ಹೋಗುತ್ತದೆ. ಅದರಲ್ಲಿ 1.1 ಕಳೆದರೆ ಉಳಿದದ್ದು ಅರ್ಧ ಲೀಟರ್. ಆ ಲೆಕ್ಕ ಕಾಗದದ ಮೇಲೆ ಬಂದಾಗ ನನಗೆ ನಿಜವಾಗಿ ಖುಷಿಯಾಯಿತು. ನಾನು ಹುಡುಕಬೇಕಾದದ್ದು ಅರ್ಧ ಲೀಟರ್ ಹಿಡಿಯುವ ಬೆಲ್ಟ್, ಅಷ್ಟೇ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಾಸ್ತಿ ಕುಡಿದರೆ ಒಳ್ಳೇದು ಅಂತ ಬರೀ ನೀರನ್ನೇ ಸುರಿದುಕೊಳ್ಳಬೇಡಿ. ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಆಗಬಹುದು. ಓಡಿ ಬಂದ ಮೇಲೆ ತೂಕ ಏರಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ ಅಂತ ಅರ್ಥ.

ಬೆಲ್ಟ್ ಎಲ್ಲಿ ಕೂರಬೇಕು ಅನ್ನುವುದನ್ನು ಹೇಳಿಕೊಟ್ಟದ್ದು ಕಾಫಿ ಕುಯ್ಲು. ನಾನು ಟೀಚರ್. ನಮ್ಮ ಶಾಲೆಯ ಬೇಲಿ ದಾಟಿದರೆ ತೋಟ. ಡಿಸೆಂಬರ್‌ನಲ್ಲಿ ಹಣ್ಣು ಕುಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ದಿನವಿಡೀ ಗಿಡದಿಂದ ಗಿಡಕ್ಕೆ ಓಡಾಡುತ್ತಾರೆ. ಅದರಲ್ಲಿ ಕೆಜಿಗಟ್ಟಲೆ ಹಣ್ಣಿರುತ್ತದೆ. "ಅಕ್ಕಾ, ಸೊಂಟ ನೋಯಲ್ವಾ?" ಅಂತ ಒಬ್ಬರನ್ನು ಕೇಳಿದೆ. "ಹೊಟ್ಟೆ ಮೇಲೆ ಕಟ್ಟಿದ್ರೆ ಉಸಿರು ಹಿಡೀತದೆ ಟೀಚರಮ್ಮ. ಕೆಳಗೆ ಮೂಳೆ ಮೇಲೆ ಕಟ್ಬೇಕು" ಅಂದು ಗಂಟು ತೋರಿಸಿದರು. ಮನೆಗೆ ಬಂದು ಕನ್ನಡಿ ಮುಂದೆ ನಿಂತು ನೋಡಿದೆ. ನಾನು ಇಷ್ಟು ದಿನ ಕಟ್ಟುತ್ತಿದ್ದದ್ದು ಹೊಕ್ಕುಳಿನ ಮಟ್ಟಕ್ಕೆ.

ಹೆಂಗಸರಿಗೆ ಇಲ್ಲಿ ಒಂದು ಕಷ್ಟ ಇದೆ. ಬೆಲ್ಟ್ ಸ್ವಲ್ಪ ಸಡಿಲ ಇದ್ದರೂ ಅಗಲವಾದ ಸೊಂಟದಿಂದ ಸಣ್ಣ ನಡುವಿನ ಕಡೆಗೆ ಏರಿ ಬರುತ್ತದೆ. ಪ್ಯಾಂಟಿನ ಸೈಜ್ ನೋಡಿ ತಗೊಂಡರೆ ಆಗುವುದು ಹೀಗೇ. ಬೆಲ್ಟ್ ಕೂರುವ ಜಾಗಕ್ಕೇ ಟೇಪ್ ಹಿಡಿದು ಅಳೆಯಬೇಕು.

ಎರಡನೇ ಬೆಲ್ಟನ್ನು ಅಂಗಡಿಗೆ ಹೋಗಿಯೇ ತಗೊಂಡೆ. ಬೆಂಗಳೂರಿಗೆ ಹೋಗಿದ್ದಾಗ ಬಾಟಲಿಗಳಿಗೆ ನೀರು ತುಂಬಿಸಿ, ಮೊಬೈಲನ್ನೂ ಇಟ್ಟು, ಅಂಗಡಿಯವರನ್ನು ಕೇಳಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹತ್ತು ಸಲ ಹತ್ತಿ ಇಳಿದೆ. ಹತ್ತುವಾಗ ಎಲ್ಲ ಬೆಲ್ಟೂ ಸುಮ್ಮನಿರುತ್ತವೆ. ಬಣ್ಣ ಬಯಲಾಗುವುದು ಇಳಿಯುವಾಗ. ನೀರು, ಬಾಟಲಿ, ಮೊಬೈಲ್ ಎಲ್ಲ ಸೇರಿದರೆ ಮುಕ್ಕಾಲು ಕೆಜಿ ದಾಟುತ್ತದೆ. ಖಾಲಿ ಬೆಲ್ಟ್ ಕಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾಲ್ಕು ಬೆಲ್ಟ್ ನೋಡಿ ಕೊನೆಗೆ ಆರಿಸಿದ್ದು ನಾಲ್ಕು ಬೆರಳಷ್ಟು ಅಗಲದ್ದು. ಎರಡು ಪಕ್ಕಕ್ಕೂ 250 ಎಂಎಲ್‌ನ ಒಂದೊಂದು ಮೆತ್ತನೆ ಫ್ಲಾಸ್ಕ್. ಕುಡಿದಂತೆ ಫ್ಲಾಸ್ಕ್ ಕುಗ್ಗುತ್ತದೆ, ಗಾಳಿ ಉಳಿಯುವುದಿಲ್ಲ, ನೀರು ಕುಲುಕುವುದಿಲ್ಲ. ಒಂದನ್ನೇ ಪೂರ್ತಿ ಖಾಲಿ ಮಾಡದೆ ಎರಡರಿಂದಲೂ ಸರದಿಯಲ್ಲಿ ಕುಡಿಯುತ್ತೇನೆ. ಇಲ್ಲದಿದ್ದರೆ ಬೆಲ್ಟ್ ಒಂದು ಕಡೆಗೆ ವಾಲುತ್ತದೆ.

ವೆಲ್ಕ್ರೋ ಬೇಡ, ಬಕಲ್ ಇರಲಿ ಅಂತ ಹಟ ಹಿಡಿದೆ. ನಮ್ಮ ಮಳೆಗಾಲ ಗೊತ್ತಲ್ವಾ? ಜೂನ್‌ನಿಂದ ಕೆಸರು, ಹುಲ್ಲು, ನೂಲು ಎಲ್ಲ ವೆಲ್ಕ್ರೋಗೆ ಅಂಟಿ ಅದು ಹಿಡಿಯುವುದನ್ನೇ ಬಿಡುತ್ತದೆ.

ಆದರೂ ಎಲಾಸ್ಟಿಕ್ ನನಗೆ ಸ್ವಲ್ಪ ದೊಡ್ಡದಾಯಿತು. ನಮ್ಮ ಬೀದಿಯ ಟೈಲರ್ ಅಣ್ಣ ಅದನ್ನು ಎರಡು ಇಂಚು ಹಿಡಿದು ಹೊಲಿದುಕೊಟ್ಟರು. ಅಂಚಿನ ಒರಟು ಹೊಲಿಗೆಯ ಮೇಲೆ ಮೆತ್ತನೆ ಕಾಟನ್ ಪಟ್ಟಿಯನ್ನೂ ಹಾಕಿದರು. ಇಷ್ಟಾಗಿ ಎರಡು ಗಂಟೆ ಮೀರಿದ ದಿನ ನಡುವಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಯೇ ಹೊರಡುತ್ತೇನೆ.

ಫ್ಲಾಸ್ಕಿಗೆ ಏನು ತುಂಬುವುದು ಅನ್ನುವುದರಲ್ಲೂ ಒಂದು ತಪ್ಪು ಮಾಡಿದ್ದೆ. ಓಆರ್‌ಎಸ್‌ನ ಇಡೀ ಪ್ಯಾಕೆಟ್ಟನ್ನು 250 ಎಂಎಲ್‌ಗೆ ಕಲಸಿದೆ. ಹೊಟ್ಟೆ ತೊಳಸಿ ಅರ್ಧ ದಾರಿಗೇ ವಾಪಸ್ ಬಂದೆ. ದೊಡ್ಡ ಪ್ಯಾಕೆಟ್ ಇರುವುದು ಒಂದು ಲೀಟರ್ ನೀರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಆ ಅಳತೆ ಕೆಟ್ಟರೆ ಒಳ್ಳೆಯದಕ್ಕಿಂತ ತೊಂದರೆಯೇ ಹೆಚ್ಚು. ಈಗ ಮನೆಯಲ್ಲೇ ಒಂದು ಲೀಟರ್ ಕಲಸುತ್ತೇನೆ. ಒಂದು ಫ್ಲಾಸ್ಕಿಗೆ ಅದು, ಇನ್ನೊಂದಕ್ಕೆ ಬರೀ ನೀರು. ಉಳಿದದ್ದನ್ನು ಓಡಿ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತೇನೆ, ಮಾರನೇ ದಿನಕ್ಕೆ ಇಡುವುದಿಲ್ಲ. ಎರಡು ಖರ್ಜೂರ, ಒಂದು ತುಂಡು ಬೆಲ್ಲ ಬೆಲ್ಟಿನ ಜೇಬಿನಲ್ಲಿರುತ್ತವೆ.

ಮೂರು ಗಂಟೆ ಓಡುವವರಿಗೆ ಈ ಬೆಲ್ಟ್ ಸಾಲದು. ಒಂದು ಲೀಟರ್‌ಗಿಂತ ಹೆಚ್ಚು ನೀರು ಹೊರಬೇಕು ಅಂದರೆ ಭುಜದ ಮೇಲೆ ಭಾರ ಹಂಚುವ ವೆಸ್ಟ್ ಬೇಕು. ಸೊಂಟಕ್ಕೆ ಅಷ್ಟು ಕಟ್ಟಿಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ಓಡಿ ಬಂದ ತಕ್ಷಣ ಬೆಲ್ಟನ್ನು ತಣ್ಣೀರಿನಲ್ಲಿ ಹಿಂಡುತ್ತೇನೆ. ಬೆವರಿನ ಉಪ್ಪು ಉಳಿದರೆ ಎಲಾಸ್ಟಿಕ್ ಬೇಗ ಸತ್ತುಹೋಗುತ್ತದೆ. ಫ್ಲಾಸ್ಕಿನ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಇಡುತ್ತೇನೆ. ಜುಲೈನಲ್ಲಿ ಬೂಸ್ಟು ಹಿಡಿಯಲು ಎರಡು ದಿನ ಸಾಕು. ಆಗ ಒಲೆಯ ಹತ್ತಿರ ಒಂದು ಮೊಳೆಗೆ ಬೆಲ್ಟನ್ನು ತೂಗುಹಾಕುತ್ತೇನೆ.

ಕಳೆದ ತಿಂಗಳು ನನ್ನ ಜೊತೆ ಕೆಲಸ ಮಾಡುವ ಟೀಚರ್ ಒಬ್ಬರು ಓಡಲು ಶುರು ಮಾಡಿದರು. "ನಿಮ್ಮ ಬೆಲ್ಟೇ ಒಂದು ದಿನ ಕೊಡ್ರೀ" ಅಂದರು. ಕೊಟ್ಟೆ. ಅವರದ್ದು ನನಗಿಂತ ಸಣ್ಣ ಸೊಂಟ, ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮೇಲೆ ಏರಿ ಬಂತು. ಈಗ ಅವರು ಎರಡು ಭಾನುವಾರದಿಂದ ತೂಕದ ಲೆಕ್ಕ ಬರೆಯುತ್ತಿದ್ದಾರೆ. ಅದು ಮುಗಿದ ಮೇಲೆ ಟೇಪ್ ಹಿಡಿದುಕೊಂಡು ಇಬ್ಬರೂ ಅಂಗಡಿಗೆ ಹೋಗುತ್ತೇವೆ.