ಎರಡೂವರೆ ಲಕ್ಷ ಓಡಿದ ಫೋರ್ ವೀಲ್ ಡ್ರೈವ್, ಹಿಂದೆ ಒಂದು ಕ್ಯಾರವಾನ್

ಕಳೆದ ತಿಂಗಳು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಮಂಡ್ಯದ ಕಡೆಯ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಬಂದ. "ಅಣ್ಣಾ, ಒಂದು ಫೋರ್ಡ್ ರೇಂಜರ್ ನೋಡಿದೀನಿ. 2 ಲಕ್ಷ 40 ಸಾವಿರ ಓಡಿದೆ. ಮೂರೂವರೆ ಟನ್ ಎಳೆಯುತ್ತಂತೆ. ನಾಳೆ ಅಡ್ವಾನ್ಸ್ ಕೊಡೋಣ ಅಂತ." ಅದರ ಹಿಂದೆ ಕಟ್ಟಿ ಎಳೆಯಬೇಕಾದ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಆಗಲೇ ಮನೆ ಮುಂದೆ ಬಂದು ನಿಂತಿದೆಯಂತೆ. ತೂಕ ಎಷ್ಟು ಅಂತ ಕೇಳಿದೆ. "ತೂಕನಾ? 21 ಅಡಿ ಇದೆ ಅಣ್ಣಾ" ಅಂದ.

ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ನಾನೂ ಇದೇ ಉತ್ತರ ಕೊಟ್ಟಿದ್ದೆ. ಈ ವರ್ಷ ಇವನು ಮೂರನೆಯವನು. ಅದಕ್ಕೇ, ಕ್ಯಾರವಾನ್ ಎಳೆಯಲು ಹಳೇ ಗಾಡಿ ಕೊಳ್ಳುವವರಿಗೆ ಅಂತ ಬರೆದು ಇಡುತ್ತಿದ್ದೇನೆ. ಗಾಡಿ ಎಲ್ಲಿ ಹುಡುಕಬೇಕು, ಚೌಕಾಸಿ ಹೇಗೆ ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳುವುದು ವಿಕ್ಟೋರಿಯಾದ ಲೆಕ್ಕ. ಬೇರೆ ರಾಜ್ಯದಲ್ಲಿದ್ದರೆ ಕಾಗದಪತ್ರದ ನಿಯಮ ಸ್ವಲ್ಪ ಬೇರೆ ಇರುತ್ತದೆ, ತೂಕದ ಲೆಕ್ಕ ಮಾತ್ರ ಎಲ್ಲಾ ಕಡೆ ಒಂದೇ.

ಮೊದಲು ಕಿಲೋಮೀಟರ್ ವಿಷಯ. ಊರಿನಲ್ಲಿ ಕಾರು ಒಂದು ಲಕ್ಷ ದಾಟಿದರೆ ಮಾರುವ ಮಾತು ಶುರುವಾಗುತ್ತದೆ. ಇಲ್ಲಿ ಮೂರು ಲಕ್ಷ ಓಡಿದ ಲ್ಯಾಂಡ್ ಕ್ರೂಸರ್‌ಗೆ ಮುಖ ನೋಡದೆ ಮೂವತ್ತು ಸಾವಿರ ಡಾಲರ್ ಕೇಳುತ್ತಾರೆ. ಅದು ಮೋಸ ಅಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ನಾಲ್ಕು ಲಕ್ಷ ಓಡಿಸಿದ ಇನ್ನೋವಾ ಟ್ಯಾಕ್ಸಿಯವರನ್ನು ಕೇಳಿ, ಡೀಸೆಲ್ ಎಂಜಿನ್ ನೋಡಿಕೊಂಡರೆ ಎಷ್ಟು ಬಾಳುತ್ತದೆ ಅಂತ ಅವರೇ ಹೇಳುತ್ತಾರೆ. ಎಷ್ಟು ಓಡಿದೆ ಅನ್ನುವುದಕ್ಕಿಂತ, ಓಡುವಾಗ ಅದರ ಬೆನ್ನಿಗೆ ಏನು ಕಟ್ಟಿತ್ತು ಅನ್ನುವುದು ಮುಖ್ಯ. ಒಬ್ಬನೇ ಕೂತು ಹೈವೇಯಲ್ಲಿ ಓಡಿಸಿದ ಎರಡೂವರೆ ಲಕ್ಷ ಬೇರೆ. ನಿವೃತ್ತ ದಂಪತಿ ಎರಡೂವರೆ ಟನ್ ಎಳೆದುಕೊಂಡು ದೇಶ ಸುತ್ತಿದ ಎರಡೂವರೆ ಲಕ್ಷ ಬೇರೆ.

ಮಾರುವವರು "ಅಪರೂಪಕ್ಕೊಮ್ಮೆ ಸಣ್ಣ ದೋಣಿ ಎಳೆದಿದ್ದು" ಅನ್ನುತ್ತಾರೆ. ಡ್ರೈವರ್ ಮೊಣಕಾಲಿನ ಹತ್ತಿರ ನೋಡಿ. ಅಲ್ಲಿ ಹಿಂದಿನ ಭಾರೀ ಟ್ರೈಲರ್‌ನ ಬ್ರೇಕ್ ಹಿಡಿಸುವ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್‌ನ ಗುಂಡಿ ಇದ್ದರೆ, ಅಥವಾ ಇದ್ದು ಕಿತ್ತ ತೂತು ಕಂಡರೆ, ಎಳೆದಿದ್ದು ಸಣ್ಣ ದೋಣಿ ಆಗಿರಲಾರದು. ಗೇರ್‌ಬಾಕ್ಸ್‌ಗೆ ಬೇರೆಯಾಗಿ ಆಯಿಲ್ ಕೂಲರ್ ಹಾಕಿಸಿದ್ದರೆ ಅದು ಒಳ್ಳೆಯದೇ, ಆದರೆ ಅದೂ ಸಾಕ್ಷಿಯೇ. ಆಟೋಮ್ಯಾಟಿಕ್ ಆದರೆ ಗೇರ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ. "ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗಿಲ್ಲ" ಅಂದರೆ ವಾಪಸ್ ಬನ್ನಿ. ಭಾರ ಎಳೆದ ಗಾಡಿಯಲ್ಲಿ ಮೊದಲು ಕೈಕೊಡುವುದು ಆ ಗೇರ್‌ಬಾಕ್ಸೇ.

ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, ತಣ್ಣಗಿನ ಎಂಜಿನ್‌ನ ಹೊಗೆ, ಸದ್ದು ನಿಮಗೆ ಗೊತ್ತಾಗದಿರಲಿ ಅಂತ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿರಬಹುದು. ಮಾತು ಬೆಳೆಸದೆ, ನಾಳೆ ಬೆಳಿಗ್ಗೆ ಬರ್ತೀನಿ ಅನ್ನಿ. ಆಮೇಲೆ ಟಾರ್ಚ್ ತಗೊಂಡು ಕೆಳಗೆ ಮಲಗಿ. ಸಮುದ್ರದ ಮರಳಲ್ಲಿ ಓಡಿಸಿ ತೊಳೆಯದೆ ಬಿಟ್ಟ ಗಾಡಿಯ ಛಾಸಿ ಒಳಗಿಂದ ತುಕ್ಕು ಹಿಡಿದಿರುತ್ತದೆ. ಮೇಲೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ.

ಎಂಜಿನ್ ಬಗ್ಗೆ ಎರಡೇ ಮಾತು. ಟೊಯೊಟಾದ ಹಳೇ ಪ್ರಾಡೊ, ಹೈಲಕ್ಸ್‌ನ 3 ಲೀಟರ್ ಡೀಸೆಲ್‌ಗೆ ಪ್ರತಿ ಒಂದೂವರೆ ಲಕ್ಷ ಕಿಲೋಮೀಟರ್‌ಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕು, ಇಂಜೆಕ್ಟರ್‌ಗಳೂ ಅದರ ದುರ್ಬಲ ಜಾಗ. 2 ಲಕ್ಷ 90 ಸಾವಿರ ಓಡಿದ್ದು ಅಗ್ಗಕ್ಕೆ ಸಿಕ್ಕರೆ, ಎರಡನೇ ಬೆಲ್ಟ್‌ನ ಖರ್ಚು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂತ ಅರ್ಥ. ಅದರ ನಂತರದ 2.8 ಲೀಟರ್‌ನದ್ದು ಹೊಗೆ ಸೋಸುವ ಡಿಪಿಎಫ್ ಫಿಲ್ಟರ್‌ನ ತಾಪತ್ರಯ. ಅದು ಕೋರ್ಟ್ ಮೆಟ್ಟಿಲು ಹತ್ತಿದ ವಿಷಯ. 2015ರಿಂದ 2020ರ ನಡುವಿನ ಗಾಡಿ ಆದರೆ ಫಿಲ್ಟರ್ ಕೆಲಸ ಆಗಿದೆಯಾ ಅಂತ ದಾಖಲೆ ನೋಡಿ. ಯಾವ ಗಾಡಿಯಾದರೂ ಕೆಲವು ನೂರು ಡಾಲರ್ ಕೊಟ್ಟು ಹೊರಗಿನ ಮೆಕ್ಯಾನಿಕ್ ಕೈಲಿ ತೋರಿಸಿ. ಕೊಳ್ಳುವ ಬೆಲೆಯ ಮೇಲೆ ನಾಲ್ಕೈದು ಸಾವಿರ ಪಕ್ಕಕ್ಕೆ ಇಟ್ಟುಕೊಂಡಿರಿ. ಇಲ್ಲದಿದ್ದರೆ ಸುಮ್ನೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಕಾಗದಪತ್ರ. ನಮ್ಮ ಆರ್‌ಸಿ ಬುಕ್‌ನಲ್ಲಿ ಬ್ಯಾಂಕಿನ ಸಾಲ ಇದ್ದರೆ ಅದರಲ್ಲೇ ನಮೂದಾಗಿರುತ್ತದೆ, ಬ್ಯಾಂಕಿನ ಎನ್‌ಒಸಿ ಇಲ್ಲದೆ ಗಾಡಿ ಕೈ ಬದಲಾಗುವುದಿಲ್ಲ. ನನ್ನ ಪ್ರಕಾರ ಅದೇ ಒಳ್ಳೆಯ ಪದ್ಧತಿ. ಇಲ್ಲಿಯ ರೆಜೊ, ಅಂದರೆ ನೋಂದಣಿ ಕಾಗದದಲ್ಲಿ ಸಾಲದ ಸುಳಿವೇ ಇರುವುದಿಲ್ಲ. ಸಾಲ ಬಾಕಿ ಇರುವ ಗಾಡಿ ಕೊಂಡರೆ, ಸಾಲ ಕೊಟ್ಟವರು ಬಂದು ನಿಮ್ಮ ಮನೆ ಮುಂದಿಂದಲೇ ಎತ್ತಿಕೊಂಡು ಹೋಗಬಹುದು. ಅದಕ್ಕೆ ಪಿಪಿಎಸ್‌ಆರ್ ಅಂತ ಸರ್ಕಾರಿ ದಾಖಲೆ ಇದೆ. ಗಾಡಿಯ ವಿನ್ ನಂಬರ್ (ನಮ್ಮ ಛಾಸಿ ನಂಬರ್ ಇದ್ದ ಹಾಗೆ) ಹಾಕಿದರೆ ಸಾಲ, ಕಳವು, ಅಪಘಾತದಲ್ಲಿ ರೈಟ್ ಆಫ್ ಆಗಿದ್ದು, ಅಂದರೆ ರಿಪೇರಿಗೆ ಲಾಯಕ್ಕಿಲ್ಲ ಅಂತ ಬಿಟ್ಟಿದ್ದು, ಎಲ್ಲ ತೋರಿಸುತ್ತದೆ. ಸರ್ಕಾರದ ವೆಬ್‌ಸೈಟ್‌ನಲ್ಲಿ ಬರೀ 2 ಡಾಲರ್. ಹುಡುಕಿದಾಗ ಮೇಲೆ ಬರುವ ಖಾಸಗಿ ಸೈಟ್‌ಗಳು ಅದನ್ನೇ ಮೂವತ್ತು ನಲವತ್ತು ಡಾಲರ್‌ಗೆ ಮಾರುತ್ತವೆ. ವಿನ್ ನಂಬರ್ ಜಾಹೀರಾತಿನಿಂದ ನಕಲು ಮಾಡಬೇಡಿ, ಗಾಡಿಯ ಮೇಲೆ ಇರುವುದನ್ನೇ ಓದಿ. ದುಡ್ಡು ಕೊಡುವ ದಿನ ಇನ್ನೊಮ್ಮೆ ನೋಡಿ.

ಗಾಡಿ ಮಾರುವಾಗ ರೋಡ್‌ವರ್ದಿ ಸರ್ಟಿಫಿಕೇಟ್ ಅಂತ ಒಂದು ಕೊಡುತ್ತಾರೆ, 30 ದಿನ ಊರ್ಜಿತ. ನಮ್ಮವರು ಅದನ್ನು ಊರಿನ ಎಫ್‌ಸಿ ಥರ ಅಂದುಕೊಂಡು, "ಪಾಸ್ ಆಗಿದೆ, ಎಂಜಿನ್ ಚೆನ್ನಾಗಿದೆ" ಅನ್ನುತ್ತಾರೆ. ಅದರಲ್ಲಿ ನೋಡುವುದು ಬ್ರೇಕು, ಟೈರು, ಸ್ಟೀರಿಂಗು, ಲೈಟು, ತುಕ್ಕು, ಇಂಥವು. ಎಂಜಿನ್, ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತವೆ ಅಂತ ಯಾರೂ ನೋಡಿರುವುದಿಲ್ಲ. ಅದಕ್ಕಿಂತ ವಿಚಿತ್ರ ಏನೆಂದರೆ, ವಿಕ್ಟೋರಿಯಾದಲ್ಲಿ ಪ್ರತಿ ವರ್ಷದ ತಪಾಸಣೆಯೇ ಇಲ್ಲ. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಪಿಂಕ್ ಸ್ಲಿಪ್ ಅನ್ನುವ ತಪಾಸಣೆ ಚೀಟಿ ಬೇಕು. ಇಲ್ಲಿ ಒಬ್ಬನ ಕೈಯಲ್ಲೇ ಹನ್ನೆರಡು ವರ್ಷ ಇದ್ದ ಗಾಡಿಯನ್ನು ಹನ್ನೆರಡು ವರ್ಷ ಯಾರೂ ಮುಟ್ಟಿ ನೋಡಿರದೆ ಇರಬಹುದು. ಈ ವಿಷಯದಲ್ಲಿ ನ್ಯೂ ಸೌತ್ ವೇಲ್ಸ್‌ನವರೇ ಬುದ್ಧಿವಂತರು.

ಡೀಲರ್ ಹತ್ತಿರ ಕೊಂಡರೆ ವಾರಂಟಿ ಸಿಗುತ್ತದೆ ಅಂತ ಜಾಸ್ತಿ ಕೊಡುವವರಿಗೆ ಒಂದು ಮಾತು. ಕಾನೂನಿನ ಮೂರು ತಿಂಗಳು ಅಥವಾ 5,000 ಕಿಲೋಮೀಟರ್ ವಾರಂಟಿ ಇರುವುದು ಹತ್ತು ವರ್ಷದೊಳಗಿನ, 1,60,000 ಕಿಲೋಮೀಟರ್ ದಾಟದ ಗಾಡಿಗೆ. ನಾವು ಮಾತಾಡುತ್ತಿರುವ ಗಾಡಿ ಆ ಗೆರೆ ಯಾವತ್ತೋ ದಾಟಿದೆ. ಗ್ರಾಹಕ ಕಾನೂನಿನ ರಕ್ಷಣೆ ಆಮೇಲೂ ಇದೆ ನಿಜ, ಆದರೆ ಅದಕ್ಕೆ ಜಗಳ ಆಡಬೇಕು.

ಇಷ್ಟೆಲ್ಲ ನಾನೂ ನೋಡಿದ್ದೆ. ಬಾನೆಟ್ ಮುಟ್ಟಿದೆ, ಕೆಳಗೆ ಮಲಗಿದೆ, 2 ಡಾಲರ್ ಕಟ್ಟಿದೆ. ಕೊಂಡಿದ್ದು 2010ರ ಪಜೆರೊ, 3.2 ಡೀಸೆಲ್, 2 ಲಕ್ಷ 30 ಸಾವಿರ ಓಡಿದ್ದು. ಗಾಡಿ ಇವತ್ತಿಗೂ ಚೆನ್ನಾಗಿದೆ. ಮುಳುಗಿಸಿದ್ದು ಗಾಡಿ ಅಲ್ಲ, ಲೆಕ್ಕ.

ನನ್ನ ಕ್ಯಾರವಾನ್‌ನ ಪ್ಲೇಟ್ ಮೇಲೆ ಎಟಿಎಂ 2,700 ಕೆಜಿ ಅಂತ ಇತ್ತು. ಈ ಎಟಿಎಂ ದುಡ್ಡು ಕೊಡುವ ಮಷೀನ್ ಅಲ್ಲ. ತುಂಬಿದ ಕ್ಯಾರವಾನ್ ಬಿಡಿಯಾಗಿ ನಿಂತಾಗ ಗರಿಷ್ಠ ಎಷ್ಟು ತೂಗಬಹುದು ಅನ್ನುವ ಅಂಕಿ. ಪಜೆರೊ ಎಳೆಯುವುದು 3,000. ಸಲೀಸು ಅಂದುಕೊಂಡೆ. ಜನವರಿ ರಜೆಯಲ್ಲಿ ಹೊರಟೆವು. ಬಾಕಸ್ ಮಾರ್ಷ್ ದಾಟಿ ಪೆಂಟ್‌ಲ್ಯಾಂಡ್ ಹಿಲ್ಸ್ ಏರುವಾಗ ಗಾಡಿಯ ಮೂತಿ ಮೇಲೆದ್ದು, ಸ್ಟೀರಿಂಗ್ ಕೈಯಲ್ಲಿ ಹಗುರ ಆಯಿತು. "ಏನ್ರೀ, ಹಿಂದಕ್ಕೆ ವಾಲ್ಕೊಂಡಿದೀವಿ" ಅಂದಳು ಮನೆಯವಳು. ಕಬ್ಬಿನ ಲೋಡು ಕಟ್ಟಿಕೊಂಡು ದಿಬ್ಬ ಹತ್ತುವ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಡುವುದನ್ನು ನೋಡಿದ್ದೀರಲ್ಲ, ಅದರ ತಮ್ಮ ಅಷ್ಟೇ. ನನಗೆ ಹೊಳೆಯಲಿಲ್ಲ. ಹಾಲ್ಸ್ ಗ್ಯಾಪ್‌ನ ಕ್ಯಾರವಾನ್ ಪಾರ್ಕ್‌ನಲ್ಲಿ ಪಕ್ಕದ ಅಜ್ಜ ಟೀ ಕಪ್ ಹಿಡಿದು ಒಂದು ಸುತ್ತು ಬಂದು, ನಿನ್ನ ಬಾಲ್ ವೇಟ್ ಎಷ್ಟಪ್ಪ ಅಂತ ಕೇಳಿದ.

ಬಾಲ್ ವೇಟ್ ಅಂದರೆ ಕ್ಯಾರವಾನ್‌ನ ಮೂತಿ ಕಾರಿನ ಕೊಂಡಿಯ ಮೇಲೆ ಒತ್ತುವ ಭಾರ. ಸಾಮಾನ್ಯವಾಗಿ ಒಟ್ಟು ತೂಕದ ನೂರಕ್ಕೆ ಹತ್ತರ ಆಸುಪಾಸು. ಆ ಭಾರವನ್ನು ಹೊರುವುದು ಕಾರು, ಹಾಗಾಗಿ ಅದು ಕಾರಿನ ಲಗೇಜ್ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೆ ಬೇರೆ ಮಿತಿಯೂ ಇರುತ್ತದೆ. ಪಜೆರೊಗೆ 2,500 ಕೆಜಿವರೆಗಿನ ಟ್ರೈಲರ್ ಆದರೆ 250 ಕೆಜಿ. ಅದರ ಮೇಲೆ ಹೋದರೆ ಮಿತಿ 180ಕ್ಕೆ ಇಳಿಯುತ್ತದೆ! ಭಾರ ಜಾಸ್ತಿಯಾದಷ್ಟೂ ಕೊಂಡಿ ತಡೆಯುವುದು ಕಮ್ಮಿ. ಜಾಹೀರಾತಿನಲ್ಲಿ 3,000 ಅನ್ನುವುದು ದಪ್ಪ ಅಕ್ಷರದಲ್ಲಿ ಇರುತ್ತದೆ, 180 ಮ್ಯಾನ್ಯುಅಲ್‌ನ ಒಳಪುಟದಲ್ಲಿ ಇರುತ್ತದೆ.

ವಾಪಸ್ ಬಂದು ವೇ ಬ್ರಿಡ್ಜ್‌ಗೆ ಹೋದೆ. ಹೇಗೆ ತೂಗಬೇಕು ಅಂತ ಹೇಳಿಬಿಡುತ್ತೇನೆ. ಹೊರಡುವ ದಿನದ ಹಾಗೆ ಎಲ್ಲ ತುಂಬಿ: ನೀರು, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಮಕ್ಕಳು. ನೀರೇ 160 ಲೀಟರ್ ಇದ್ದರೆ ಅದೇ 160 ಕೆಜಿ. ಮೊದಲು ಕ್ಯಾರವಾನ್ ಬಿಚ್ಚಿ, ಮುಂದಿನ ಪುಟ್ಟ ಚಕ್ರದ ಸಮೇತ ಅದೊಂದನ್ನೇ ತೂಗಿ. ಆಮೇಲೆ ಕಾರಿಗೆ ಕಟ್ಟಿ, ಕಾರನ್ನು ಬ್ರಿಡ್ಜ್‌ನಿಂದ ಆಚೆ ನಿಲ್ಲಿಸಿ, ಕ್ಯಾರವಾನ್ ಚಕ್ರ ಮಾತ್ರ ಮೇಲಿರುವ ಹಾಗೆ ತೂಗಿ. ಎರಡರ ವ್ಯತ್ಯಾಸವೇ ಬಾಲ್ ವೇಟ್. ನನ್ನದು 2,620 ಮತ್ತು 2,370. ಅಂದರೆ 250. ಮಿತಿ 180. ಕಟ್ಟಿಕೊಂಡೇ ಕಾರಿನ ನಾಲ್ಕು ಚಕ್ರ ಮಾತ್ರ ತೂಗಿದರೆ ಜಿವಿಎಂ, ಅಂದರೆ ತುಂಬಿದ ಕಾರಿನ ತೂಕದ ಮಿತಿ, ಮೀರಿದೆಯಾ ಗೊತ್ತಾಗುತ್ತದೆ, ಎರಡೂ ಸೇರಿಸಿದರೆ ಜಿಸಿಎಂ, ಅಂದರೆ ಕಾರು ಮತ್ತು ಕ್ಯಾರವಾನ್ ಸೇರಿದ ಮಿತಿ.

ಆಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ. ಒಬ್ಬರು ಕಾರಿನ ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸು ಅಂದರು. ಹಾಕಿಸಿದೆ, 600 ಡಾಲರ್. ಗಾಡಿ ನೆಟ್ಟಗೆ ನಿಂತಿತು, ಮಿತಿ ಒಂದು ಕೆಜಿಯೂ ಏರಲಿಲ್ಲ. ಇನ್ನೊಬ್ಬರು ಸಾಮಾನು ಎಲ್ಲ ಹಿಂದಕ್ಕೆ ಸರಿಸು, ಮೂತಿ ಹಗುರ ಆಗುತ್ತೆ ಅಂದರು. ದಯವಿಟ್ಟು ಇದೊಂದನ್ನು ಮಾಡಬೇಡಿ. ಮೂತಿ ಹಗುರ, ಬಾಲ ಭಾರ ಆದ ಕ್ಯಾರವಾನ್ ಹೈವೇ ವೇಗದಲ್ಲಿ ಬಾಲ ಬೀಸಲು ಶುರು ಮಾಡಿದರೆ ಕಾರನ್ನೂ ಎಳೆದುಕೊಂಡು ಮಗುಚುತ್ತದೆ. ಮೂರನೆಯವರು "ಯಾರು ನೋಡ್ತಾರೆ ಬಿಡಿ" ಅಂದರು. ಪೊಲೀಸರು ನೋಡದಿದ್ದರೂ, ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ನೋಡಬಹುದು. ಮಿತಿ ಮೀರಿದ್ದು ಗೊತ್ತಾದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟು ಸಾಕು.

ಕೊನೆಗೆ ಕ್ಯಾರವಾನ್ ಮಾರಿದೆ. 5,500 ಡಾಲರ್ ನಷ್ಟ. ಈಗ 1,600 ಕೆಜಿಯ ಕ್ಯಾಂಪರ್ ಟ್ರೈಲರ್ ಇದೆ, ಮಕ್ಕಳಿಗೆ ಇದೇ ಇಷ್ಟ.

ಆ ಹುಡುಗನ ರೇಂಜರ್‌ಗೆ ಬರೋಣ. ಅವನು ತೋರಿಸಿದ ಹಳೇ 3.2 ಮಾದರಿಯ ಜಿಸಿಎಂ 6,000 ಕೆಜಿ. ಹಿಂದೆ ಮೂರೂವರೆ ಟನ್ ಕಟ್ಟಿದರೆ ಕಾರಿಗೆ ಉಳಿಯುವುದು 2,500. ಖಾಲಿ ಗಾಡಿಯೇ ಸುಮಾರು 2,200. ಉಳಿದ 300ರಲ್ಲಿ ಅವನು, ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬರುವ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು, ಮುಂದಿನ ಬುಲ್ ಬಾರ್, ಹಿಂದಿನ ಕ್ಯಾನೊಪಿ. ಆಗುತ್ತಾ? ಮೂರೂವರೆ ಟನ್ ಎಳೆಯುತ್ತದೆ ಅನ್ನುವುದು ಸುಳ್ಳಲ್ಲ, ಆದರೆ ಎಳೆಯುವಾಗ ಒಳಗೆ ನೀವು ಇರಬಾರದು ಅಷ್ಟೇ. ಜಿವಿಎಂ ಹೆಚ್ಚಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಅದರ ಜೊತೆಗೆ ಜಿಸಿಎಂ ತಾನಾಗಿ ಹೆಚ್ಚುತ್ತದೆ ಅಂದುಕೊಳ್ಳಬೇಡಿ.

ಹಾಗಾಗಿ ಅವನಿಗೆ ಹೇಳಿದ್ದು ಇಷ್ಟೇ: ಕಾರು ಆಮೇಲೆ, ಮೊದಲು ಕ್ಯಾರವಾನ್ ತೂಗಿಸು. ಲ್ಯಾಂಡ್ ಕ್ರೂಸರ್ ಇರುವ ಸ್ನೇಹಿತನನ್ನು ಕರೆದುಕೊಂಡು ಶನಿವಾರ ವೇ ಬ್ರಿಡ್ಜ್‌ಗೆ ಹೋಗಿದ್ದ. ಹನ್ನೊಂದು ಗಂಟೆಗೆ ಫೋನ್ ಬಂತು. "ಅಣ್ಣಾ, 2,480 ಬಂತು! ಏನೂ ತೊಂದರೆ ಇಲ್ಲ ಅಲ್ವಾ?"

"ನೀರು ತುಂಬಿಸಿದ್ಯಾ?"

"ಇಲ್ಲ ಅಣ್ಣಾ."

"ಅಡುಗೆ ಸಾಮಾನು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಗ್ರೈಂಡರ್ ಒಂದೇ ಬಿಟ್ಟಿದೀನಿ" ಅಂದ.

ಹಾಕಿಕೊಂಡು ಇನ್ನೊಂದು ಸಲ ಹೋಗು ಅಂದೆ.