ಹನ್ನೊಂದು ಹಾಳೆ ಮತ್ತು 32,768ನೆಯ ಸಾಲು

ಕಳೆದ ಮಳೆಗಾಲದಲ್ಲಿ ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಗಾಳಿಗೆ ಮರ ಬಿದ್ದು ತಂತಿ ಹರಿದಿತ್ತು. ಮೊದಲ ದಿನ ಸಂಜೆ ಇನ್ವರ್ಟರ್ ಕೈಕೊಟ್ಟಿತು, ಮರುದಿನ ಮೊಬೈಲ್ ಟವರ್. ನನ್ನ ಪರಿಶೀಲನೆಗೆಂದು ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಅಷ್ಟರಲ್ಲಿ ಬಂದು ಕೂತಿತ್ತು. ಗ್ರಾಫಿಕ್ಸ್ ಚಿಪ್ ಒಂದನ್ನು ನಡೆಸುವ ಮುಕ್ತ ತಂತ್ರಾಂಶಕ್ಕೆ, ಅಂದರೆ ಅದರ ಡ್ರೈವರ್‌ಗೆ, ಸೇರಬೇಕಾದ ಕೋಡ್ ಅದು. ದೊಡ್ಡ ದೊಡ್ಡ ಬಫರ್‌ಗಳನ್ನು, ಅಂದರೆ ಮಾಹಿತಿ ತುಂಬಿಡುವ ಮೆಮೊರಿಯ ತುಂಡುಗಳನ್ನು, ಪ್ರೊಸೆಸರ್‌ನ ಕೈಯಿಂದ ಬಿಡಿಸಿ, ಚಿಪ್‌ನೊಳಗೇ ಇರುವ ನಕಲು ಎಂಜಿನ್‌ನಿಂದ ಸಾಗಿಸುವುದು ಅದರ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದ ಚೂರು ಬ್ಯಾಟರಿಯಲ್ಲಿ ಅದನ್ನೂ ಚಿಪ್‌ನ ಕೈಪಿಡಿಯ ಎರಡು ಪುಟಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಪೇಟೆಯಲ್ಲಿ ಜನರೇಟರ್ ಇದ್ದ ಜೆರಾಕ್ಸ್ ಅಂಗಡಿ ಒಂದೇ. ಅಲ್ಲಿ ಮುದ್ರಿಸಿಕೊಂಡು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದೆ. ಒಟ್ಟು ಹನ್ನೊಂದು ಹಾಳೆ.

ಕಾಗದದ ಮೇಲೆ ಕೋಡ್ ಓದಿ ಹದಿನೈದು ವರ್ಷವೇ ಆಗಿರಬೇಕು. ಪರದೆಯ ಮೇಲಾದರೆ ಬದಲಾದ ಸಾಲುಗಳು ಹಸಿರಾಗಿ ಹೊಳೆಯುತ್ತವೆ, ಕಣ್ಣು ಅಲ್ಲಿಗೇ ಓಡುತ್ತದೆ. ಹಾಳೆಯಲ್ಲಿ ಎಲ್ಲವೂ ಒಂದೇ ಕಪ್ಪು. ಬೇರೆ ದಾರಿಯಿಲ್ಲದೆ ಮೊದಲಿನಿಂದ ಓದಬೇಕಾಯಿತು.

ಇಂಥ ಕೋಡ್ ಏಕೆ ಬೇಕು ಎಂಬುದರಲ್ಲಿ ನನಗೆ ತಕರಾರು ಇರಲಿಲ್ಲ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಪ್ರೊಸೆಸರ್ ಬರೆಯುವುದು ಅಷ್ಟೇನೂ ನಿಧಾನವಲ್ಲ. ಸಣ್ಣ ಸಣ್ಣ ಬರಹಗಳನ್ನು ಒಟ್ಟು ಮಾಡಿ ಒಂದೇ ಹೊರೆಯಾಗಿ ಕಳಿಸುವ ಏರ್ಪಾಡು ಇದೆ. ಕಷ್ಟವಿರುವುದು ಅಲ್ಲಿಂದ ಓದುವಾಗ. ಒಂದೊಂದು ಓದೂ ಪ್ರೊಸೆಸರ್‌ಗೂ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ ದಾಟಿ ಹೋಗಿ, ಉತ್ತರ ಹೊತ್ತುಕೊಂಡು ವಾಪಸ್ ಬರಬೇಕು. ಅಲ್ಲಿಯವರೆಗೆ ಪ್ರೊಸೆಸರ್ ಕೈಕಟ್ಟಿ ನಿಂತಿರುತ್ತದೆ. ಆ ಕೂಲಿಯನ್ನು ಎಂಜಿನ್‌ಗೆ ವಹಿಸುವುದೇ ಸರಿ.

ಆದರೆ ಈ ಎಂಜಿನ್ ಹುಟ್ಟಿದ್ದು ಚಿತ್ರಗಳಿಗಾಗಿ. ಪರದೆಯ ಒಂದು ಮೂಲೆಯಿಂದ ಆಯತವನ್ನು ಎತ್ತಿ ಇನ್ನೊಂದು ಮೂಲೆಯಲ್ಲಿ ಇಡುವುದು ಅದರ ಕಸುಬು. ಬರೀ ಮೆಮೊರಿಯನ್ನು ನಕಲು ಮಾಡಿಸಬೇಕಾದರೆ ಅದಕ್ಕೆ ಚಿತ್ರದ ವೇಷ ಹಾಕಬೇಕು. ಪ್ಯಾಚ್ ಬರೆದವರು ಹಾಕಿದ್ದೂ ರೂಢಿಯ ವೇಷವನ್ನೇ: 4,096 ಬೈಟ್‌ನ ಒಂದು ಮೆಮೊರಿ ಪುಟವೆಂದರೆ ಚಿತ್ರದ ಒಂದು ಸಾಲು. ಬಫರ್‌ನಲ್ಲಿ ಎಷ್ಟು ಪುಟಗಳಿವೆಯೋ ಚಿತ್ರ ಅಷ್ಟು ಸಾಲು ಎತ್ತರ. ಕೊನೆಯಲ್ಲಿ ಅರ್ಧ ಪುಟ ಉಳಿದರೆ ಏನು ಗತಿ ಎಂದು ಮೊದಲು ಹುಡುಕಿದೆ. ಬಫರ್ ಕೊಡುವಾಗಲೇ ಗಾತ್ರವನ್ನು ಪೂರ್ತಿ ಪುಟಕ್ಕೆ ಏರಿಸುವ ಕೋಡಿನ ಸಾಲು ಮೂರನೆಯ ಹಾಳೆಯಲ್ಲಿ ಸಿಕ್ಕಿತು. ಸರಿ, ಮುಂದೆ ಹೋದೆ.

ಇಂಥ ಕೋಡ್ ನೋಡುವಾಗ ನನ್ನದೊಂದು ಅಭ್ಯಾಸವಿದೆ. ಸಂಖ್ಯೆ ಪ್ರೋಗ್ರಾಮಿನಲ್ಲಿ ಯಾವ ರೂಪದಲ್ಲಿದೆ ಎಂಬುದನ್ನು ನಂಬುವುದಿಲ್ಲ. ಅದು ಕೊನೆಗೆ ಹೋಗಿ ಕೂರುವ ಜಾಗ ಎಷ್ಟು ಬಿಟ್ ಅಗಲ ಎಂದು ಕೈಪಿಡಿಯಲ್ಲಿ ನೋಡುತ್ತೇನೆ. ಇಲ್ಲಿ ಪ್ರೋಗ್ರಾಮಿನಲ್ಲಿ ಬಫರ್‌ನ ಗಾತ್ರಕ್ಕೆ ಇರುವ ಜಾಗ 64 ಬಿಟ್, ಅದರಲ್ಲಿ ಸಂದೇಹವಿಲ್ಲ. ಆದರೆ ಎಂಜಿನ್‌ಗೆ ಕೊಡುವ ಕಮಾಂಡಿನಲ್ಲಿ ಕೊನೆಯ ಸಾಲಿನ ಸಂಖ್ಯೆಗೆ ಇರುವ ಜಾಗ 16 ಬಿಟ್, ಅದೂ ಋಣ ಸಂಖ್ಯೆಗಳಿಗೂ ಅವಕಾಶ ಇಟ್ಟುಕೊಂಡು. ಅಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32,767.

ಕ್ಯಾಲ್ಕುಲೇಟರ್ ಎನಿಸಿಕೊಂಡಿದ್ದ ಮೊಬೈಲ್ ಸತ್ತಿತ್ತು. ಜಗಲಿಯ ಗೂಡಿನಲ್ಲಿದ್ದ ಅಡಿಕೆ ಲೆಕ್ಕದ ಪುಸ್ತಕವನ್ನು ಎಳೆದುಕೊಂಡು ಹಿಂದಿನ ಪುಟದಲ್ಲಿ ಲೆಕ್ಕ ಶುರುಮಾಡಿದೆ. 64 ಎಂಬಿ ಬಫರ್‌ಗೆ 16,384 ಸಾಲು, ಹಿಡಿಸುತ್ತದೆ. 128 ಎಂಬಿಗೆ 32,768. ಒಂದೇ ಒಂದು ಸಾಲು ಹೆಚ್ಚು! ಆ 16 ಬಿಟ್‌ಗಳಲ್ಲಿ ಎಂಜಿನ್ ಓದುವುದು 32,768 ಅಲ್ಲ, ಋಣ 32,768. ಚಿತ್ರದ ಕೊನೆಯ ಸಾಲು ಮೊದಲ ಸಾಲಿಗಿಂತ ಮೇಲಿದೆ ಎಂದಾದರೆ ಈ ಎಂಜಿನ್ ಏನನ್ನೂ ನಕಲು ಮಾಡುವುದಿಲ್ಲ, ದೂರನ್ನೂ ಹೇಳುವುದಿಲ್ಲ. 'ಕೆಲಸ ಮುಗಿಯಿತು' ಎಂದು ಸಹಿ ಹಾಕಿ ಎದ್ದು ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮಳೆ ಮಾತ್ರ ನಿಂತಿರಲಿಲ್ಲ, ನಾನೂ ಮುಂದುವರಿಸಿದೆ. 256 ಎಂಬಿಗೆ 65,536 ಸಾಲು. 16 ಬಿಟ್‌ನಲ್ಲಿ ಹಿಡಿಸದ ಮೇಲಿನ ಬಿಟ್ ಉದುರಿ ಸೊನ್ನೆ ಉಳಿಯುತ್ತದೆ. ಆಗಲೂ ನಕಲಿಲ್ಲ. ಇನ್ನು 260 ಎಂಬಿಗೆ 66,560 ಸಾಲು. ಅದರಲ್ಲಿ 65,536 ಹೋದರೆ ಉಳಿಯುವುದು 1,024. ಅಂದರೆ ಮೊದಲ 4 ಎಂಬಿ ಅಚ್ಚುಕಟ್ಟಾಗಿ ನಕಲಾಗುತ್ತದೆ, ಮಿಕ್ಕ 256 ಎಂಬಿ ಹಾಗೇ ಬಿದ್ದಿರುತ್ತದೆ. ಏನೂ ಆಗದಿದ್ದರೆ ಯಾರಾದರೂ ಗಮನಿಸಿಯಾರು. ತಲೆಭಾಗ ಸರಿಯಿದ್ದು ಒಡಲು ಹಳೆಯದಾಗಿದ್ದರೆ ಹುಡುಕುವವನ ಗತಿ ಏನು?

"ಹಿಂದಿನ ಪುಟ ಕೊನೆಗಾರರ ಲೆಕ್ಕಕ್ಕೆ ಇಟ್ಟದ್ದು ಮಾಣಿ, ಅದನ್ನೇಕೆ ಹಾಳು ಮಾಡುತ್ತೀಯ?" ಎಂದರು ಅಪ್ಪಯ್ಯ. ಅಡಿಕೆಗೆ ಎರಡನೆಯ ಸಲ ಬೋರ್ಡೋ ಔಷಧಿ ಹೊಡೆಸಲು ಒಂದು ದಿನದ ಬಿಸಿಲೂ ಸಿಗದೆ ಅವರಿಗೆ ಮೊದಲೇ ತಲೆ ಕೆಟ್ಟಿತ್ತು.

ಪ್ಯಾಚ್ ಜೊತೆ ಪರೀಕ್ಷೆಯೂ ಇತ್ತು, ಅದು ಪಾಸಾಗಿದೆ ಎಂಬ ಒಕ್ಕಣೆಯೂ ಇತ್ತು. ಪಾಸಾಗದೆ ಏನು? ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಬಫರ್ ಇದ್ದದ್ದೇ 64 ಎಂಬಿ. ಜೊತೆಗೆ ಮೂಲ ಬಫರ್‌ನ ತುಂಬ ಒಂದೇ ಸಂಖ್ಯೆಯನ್ನು ತುಂಬಿದ್ದರು. ಇದು ತೀರಾ ಸಾಮಾನ್ಯವಾದ ತಪ್ಪು, ನಾನೂ ಮಾಡಿದ್ದೇನೆ. ಎಲ್ಲ ಕಡೆ ಒಂದೇ ಸಂಖ್ಯೆಯಿದ್ದರೆ ಹತ್ತನೆಯ ಪುಟ ಹೋಗಿ ಹನ್ನೊಂದನೆಯದರ ಜಾಗದಲ್ಲಿ ಕೂತರೂ ಗೊತ್ತಾಗುವುದಿಲ್ಲ. ಪ್ರತಿ ನಾಲ್ಕು ಬೈಟ್‌ನಲ್ಲಿ ಅದು ಎಷ್ಟನೆಯದು ಎಂಬ ಸಂಖ್ಯೆಯನ್ನೇ ಬರೆಯಿರಿ, ಗುರಿ ಬಫರ್‌ಗೆ ಮೊದಲೇ ಬೇರೆ ಕಸ ತುಂಬಿಡಿ, ಅದರ ಆಚೆ ಈಚೆ ಒಂದೊಂದು ಪುಟ ಕಾವಲು ಬಿಟ್ಟು ಅದು ಕೆಟ್ಟಿದೆಯೇ ಎಂದೂ ನೋಡಿ ಎಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ.

ಐದನೆಯ ದಿನ ಕರೆಂಟ್ ಬಂತು. ಟಿಪ್ಪಣಿಗಳನ್ನೆಲ್ಲ ಟೈಪ್ ಮಾಡಿ ಕಳಿಸಿದೆ. ಅವುಗಳಲ್ಲಿ ಒಂದು ಪೂರ್ತಿ ತಪ್ಪಾಗಿತ್ತು. ನಕಲಿಗೆ ಮುಂಚೆ ಪ್ರೊಸೆಸರ್‌ನ ಕ್ಯಾಶ್ ಅನ್ನು, ಅಂದರೆ ಅದು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಪುಟ್ಟ ಮೆಮೊರಿಯನ್ನು, ಖಾಲಿ ಮಾಡಿಲ್ಲ ಎಂದು ಗದರಿದಂತೆ ಬರೆದಿದ್ದೆ. ಈ ಚಿಪ್ ಆ ಕ್ಯಾಶ್ ಅನ್ನು ತಾನೇ ನೋಡಿಕೊಂಡು ಓದುತ್ತದೆ, ಖಾಲಿ ಮಾಡಿದರೆ ಸಮಯ ದಂಡ ಎಂದು ಪ್ಯಾಚ್ ಬರೆದವರು ಸಮಾಧಾನದಿಂದಲೇ ತಿಳಿಸಿದರು. ಕೈಪಿಡಿಯಲ್ಲಿ ನಾನು ಮುದ್ರಿಸದೆ ಬಿಟ್ಟ ಪುಟದಲ್ಲಿ ಅದು ಇತ್ತು.

ಎರಡನೆಯ ಆವೃತ್ತಿಯಲ್ಲಿ ನಕಲನ್ನು 8 ಎಂಬಿ ತುಂಡುಗಳಾಗಿ ಒಡೆದಿದ್ದರು. ಲಿನಕ್ಸ್ ಕರ್ನಲ್‌ನ ಇಂಟೆಲ್ ಡ್ರೈವರ್‌ನಲ್ಲೂ ಇದೇ ಅಳತೆ ಇದೆ. ಸೆಕೆಂಡಿಗೆ 8 ಜಿಬಿ ವೇಗದಲ್ಲಿ ಒಂದು ತುಂಡಿಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ನಡುವೆ ಬೇರೆ ಕೆಲಸಕ್ಕೆ ದಾರಿ ಬಿಡಬಹುದು. ಸಾಲಿನ ಸಂಖ್ಯೆ ಈಗ ಎಂದೂ 2,048 ದಾಟುವುದಿಲ್ಲ. ಆದರೆ ತುಂಡು ಮಾಡಿದ ಕಡೆ ಹೊಸ ಬಿರುಕು.

ಎಂಜಿನ್‌ಗೆ ಕೆಲಸ ಒಪ್ಪಿಸಿದ ಕೂಡಲೇ ಅದು ಮುಗಿದಿರುವುದಿಲ್ಲ. ಮುಗಿದಾಗ ತೆರೆದುಕೊಳ್ಳುವ ಗುರುತೊಂದನ್ನು ಡ್ರೈವರ್ ಇಟ್ಟುಕೊಂಡಿರುತ್ತದೆ. ಫೆನ್ಸ್ ಎನ್ನುತ್ತಾರೆ. ಹೆಸರೇನೋ ಬೇಲಿ, ಕೆಲಸ ನಮ್ಮ ತೋಟದ ದಣಪೆಯದು: ಕೋಲು ಸರಿಸುವವರೆಗೆ ಆಚೆಯವರು ಕಾಯಬೇಕು. ಹೊಸ ಕೋಡಿನಲ್ಲಿ ಕೊನೆಯ ತುಂಡಿನ ಫೆನ್ಸ್ ಒಂದನ್ನೇ ಕರೆದವರಿಗೆ ಕೊಡುತ್ತಿದ್ದರು. ಎಂಜಿನ್ ಸರದಿ ಪ್ರಕಾರ ದುಡಿಯುವುದರಿಂದ ಅಷ್ಟು ಸಾಕು. ಐದನೆಯ ತುಂಡು ಒಪ್ಪಿಸುವಾಗಲೇ ಮೆಮೊರಿ ಸಾಲದೆ ಸೋತರೆ? ಆಗ ಫೆನ್ಸ್ ಕೊಡದೆ, ದೋಷದ ಸಂಖ್ಯೆಯೊಂದನ್ನೇ ಕೊಟ್ಟು ಹಿಂದಿರುಗುತ್ತಿತ್ತು. ಕರೆದವರು 'ನಕಲು ಆಗಲಿಲ್ಲ' ಎಂದುಕೊಂಡು ಬಫರ್ ಬಿಟ್ಟುಬಿಡುತ್ತಾರೆ. ಮೊದಲ ನಾಲ್ಕು ತುಂಡುಗಳನ್ನು ಎಂಜಿನ್ ಆಗಲೂ ಬರೆಯುತ್ತಲೇ ಇರುತ್ತದೆ, ಅಷ್ಟರೊಳಗೆ ಬೇರೊಬ್ಬರ ಪಾಲಾಗಿರಬಹುದಾದ ಮೆಮೊರಿಯ ಮೇಲೆ. ಸೋತರೂ ಅಲ್ಲಿಯವರೆಗಿನ ಫೆನ್ಸ್ ಕೊಟ್ಟೇ ಹಿಂದಿರುಗಬೇಕು ಎಂದು ಬರೆದೆ. ಮೂರನೆಯ ಆವೃತ್ತಿಯಲ್ಲಿ ಅದೂ ಸರಿಯಾಯಿತು, ಪರೀಕ್ಷೆಗೆ 128 ಮತ್ತು 260 ಎಂಬಿ ಎರಡೂ ಸೇರಿದವು. ಒಪ್ಪಿಗೆ ಕೊಟ್ಟೆ.

ಆ ಫೆನ್ಸ್ ಟಿಪ್ಪಣಿ ಬರೆಯುವಾಗಲೇ ಒಳಗೊಳಗೆ ಏನೋ ಚುಚ್ಚಿತ್ತು. ಇದೇ ಆಕಾರದ ಕುಣಿಕೆಯನ್ನು ನಾನು ಎಲ್ಲೋ ನೋಡಿದ್ದೆ. ಹುಡುಕಿದರೆ, ಎರಡು ವರ್ಷದ ಹಿಂದೆ ಸೇರಿದ, ಮೆಮೊರಿಗೆ ಸೊನ್ನೆ ತುಂಬುವ ಕೋಡ್. ಅಲ್ಲಿಯೂ ನಡುವೆ ಸೋತರೆ ಫೆನ್ಸ್ ಇಲ್ಲದೆ ಬರಿಗೈಯಲ್ಲಿ ಹಿಂದಿರುಗುತ್ತದೆ. ಪರಿಶೀಲಿಸಿದವರು ಎಂಬಲ್ಲಿ ನನ್ನದೇ ಹೆಸರು. ಅಂದು ರಾತ್ರಿಯೇ ತಿದ್ದುಪಡಿ ಬರೆದು ಕಳಿಸಿದೆ. ಅದೀಗ ಇನ್ನೊಬ್ಬರ ಪರಿಶೀಲನೆಯಲ್ಲಿದೆ. ಎರಡು ಪ್ರಶ್ನೆ ಆಗಲೇ ಬಂದಿವೆ, ಒಂದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ.